ಸ್ಮೂದನಿಂಗ್ ಆದ ಕೂದಲು ಇಷ್ಟೊಂದು ನೀರು ಕುಡಿಯುವುದೇಕೆ?

ಪ್ರಶ್ನೆ: ಮೇಡಂ, ಎರಡೂವರೆ ವರ್ಷಗಳಲ್ಲಿ ಮೂರು ಬಾರಿ ಸ್ಮೂದನಿಂಗ್ (ಔಷಧ ಹಚ್ಚಿ ಕೂದಲನ್ನು ನೇರ ಮಾಡುವುದು) ಮಾಡಿಸಿದ್ದೇನೆ, ಕೊನೆಯದು ಎಂಟು ತಿಂಗಳ ಹಿಂದೆ. ಮೊದಲ ಸಲ ರೇಷ್ಮೆಯಂತಿದ್ದ ಕೂದಲು ಈಗ ತಲೆಗೆ ನೀರು ಬಿದ್ದ ಕೂಡಲೇ ಕುಡಿದು ಭಾರವಾಗುತ್ತದೆ, ಒಣಗಿದ ಮೇಲೆ ತುದಿಯೆಲ್ಲ ತೆಂಗಿನ ನಾರಿನಂತಾಗುತ್ತದೆ. ಮಳೆಗಾಲದಲ್ಲಂತೂ ಬಾಚಣಿಗೆಯೇ ಇಳಿಯುವುದಿಲ್ಲ. ಪಾರ್ಲರಿನಲ್ಲಿ ಇದಕ್ಕೆ ‘ಹೈ ಪೊರಾಸಿಟಿ’ ಎನ್ನುತ್ತಾರೆ, ಇನ್ನೊಂದು ಟ್ರೀಟ್‌ಮೆಂಟ್ ಮಾಡಿಸಿದರೆ ರಂಧ್ರಗಳೆಲ್ಲ ಮುಚ್ಚಿಹೋಗುತ್ತವೆ ಎನ್ನುತ್ತಾರೆ. ಹೌದೇ?
— ಮುಂಬಯಿ ಬಳಿಯ ಡೊಂಬಿವಲಿಯ ಓದುಗರು

ಉತ್ತರ: ಮುಚ್ಚಿಹೋಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಸಾವಿರಾರು ರೂಪಾಯಿಯ ನಿಮ್ಮ ನಿರ್ಧಾರ ಈ ಒಂದು ಮಾತಿನ ಮೇಲೆ ನಿಂತಿದೆ. ನೆತ್ತಿಯಿಂದ ಹೊರಬಂದ ಕೂದಲಿನ ಎಳೆಯಲ್ಲಿ ಜೀವಂತ ಕೋಶಗಳಿಲ್ಲ; ಉಗುರಿನ ತುದಿಯ ಹಾಗೆ ಅದೂ ನಿರ್ಜೀವವಾದದ್ದು. ಚರ್ಮದ ಮೇಲಿನ ಗಾಯ ಮಾಯುವಂತೆ ಅದರ ಮೇಲಿನ ಗಾಯ ಮಾಯುವುದಿಲ್ಲ. ಹಾಳಾದ ಭಾಗವನ್ನು ತಾತ್ಕಾಲಿಕವಾಗಿ ಹೊದಿಸಿಡಬಹುದು, ನೀರು ಒಳಹೋಗುವ ವೇಗವನ್ನು ತಗ್ಗಿಸಬಹುದು, ಹೊಸದಾಗಿ ಬರುವ ಕೂದಲಿಗೆ ಅದೇ ಗತಿ ಬಾರದಂತೆ ಕಾಯಬಹುದು. ಈ ಮೂರು ಕೆಲಸಗಳನ್ನು ಸರಿಯಾಗಿ ಮಾಡಿದರೆ ನೀವು ಹೇಳುವ ತೊಂದರೆ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ.

ಪೊರಾಸಿಟಿ, ಅಂದರೆ ಸರಂಧ್ರತೆ, ಎಂದರೇನು ಎಂಬುದನ್ನು ನಮ್ಮ ಊರಿನ ಮನೆಯ ಮಾಡನ್ನು ನೆನಪಿಸಿಕೊಂಡರೆ ಅರ್ಥ ಮಾಡಿಕೊಳ್ಳುವುದು ಸುಲಭ. ಮಂಗಳೂರು ಹೆಂಚುಗಳು ಒಂದರ ಮೇಲೊಂದು ಚಾಚಿಕೊಂಡು ಕೂತಿರುವುದರಿಂದ ಮಳೆನೀರು ಒಳಗಿಳಿಯದೆ ಸೂರಿನತ್ತ ಹರಿದುಹೋಗುತ್ತದೆ. ಕೂದಲಿನ ಹೊರಪೊರೆಯಾದ ಕ್ಯೂಟಿಕಲ್ ಕೂಡ ಹೀಗೆಯೇ ಹೊದಿಸಿದ ಚಪ್ಪಟೆ ಪದರಗಳಿಂದ ಆಗಿದೆ. ಸಾಮಾನ್ಯವಾಗಿ ಐದರಿಂದ ಹತ್ತು ಪದರಗಳಿರುತ್ತವೆ, ಅವುಗಳ ಅಂಚುಗಳೆಲ್ಲ ಕೂದಲಿನ ತುದಿಯ ಕಡೆಗೆ ಮುಖ ಮಾಡಿರುತ್ತವೆ. ಇದರ ಮೇಲೆ ಇನ್ನೊಂದು ಕಾವಲಿದೆ. 18-ಮೀಥೈಲ್ ಐಕೋಸನೋಯಿಕ್ ಆಮ್ಲ ಎಂಬ ಜಿಡ್ಡಿನ ಅತಿ ತೆಳುವಾದ ಲೇಪವೊಂದು ಹೊರಪೊರೆಗೆ ರಾಸಾಯನಿಕವಾಗಿ ಅಂಟಿಕೊಂಡಿರುತ್ತದೆ. ಹೊಸ ಕೂದಲಿನ ಮೇಲೆ ನೀರಿನ ಹನಿ ಕೆಸುವಿನ ಎಲೆಯ ಮೇಲಿನಂತೆ ಕ್ಷಣಕಾಲ ನಿಲ್ಲುವುದು ಈ ಲೇಪದಿಂದ. ಎಣ್ಣೆಯ ಹಾಗೆ ಮೇಲ್ಮೇಲೆ ಕೂತಿರುವುದಲ್ಲವಾದ್ದರಿಂದ ಶ್ಯಾಂಪೂವಿಗೆ ಇದು ಸುಲಭವಾಗಿ ಹೋಗುವುದಿಲ್ಲ. ಆದರೆ ಕ್ಷಾರಕ್ಕೆ ಹೋಗುತ್ತದೆ. ಕೂದಲನ್ನು ನೇರ ಮಾಡುವ ಔಷಧಗಳಲ್ಲಿ ಬಹುಪಾಲು ಕ್ಷಾರೀಯವಾದವು ಎಂಬುದೇ ನಿಮ್ಮ ಕಥೆಯ ಮೂಲ.

ಮುಂಬಯಿಯ ಪಾರ್ಲರುಗಳಲ್ಲಿ ಸ್ಮೂದನಿಂಗ್ ಅಥವಾ ರೀಬಾಂಡಿಂಗ್ ಎಂದು ಮಾಡುವುದರಲ್ಲಿ ಹೆಚ್ಚಿನದು ಥಯೋಗ್ಲೈಕೋಲೇಟ್ (ಚುಟುಕಾಗಿ ಥಯೋ) ಎಂಬ ರಾಸಾಯನಿಕವನ್ನು ಆಧರಿಸಿದ್ದು. ಅದರ ಪಿಎಚ್ (ಆಮ್ಲ–ಕ್ಷಾರದ ಅಳತೆ, 7ಕ್ಕಿಂತ ಹೆಚ್ಚಾದಷ್ಟೂ ಕ್ಷಾರ ಹೆಚ್ಚು) ಸುಮಾರು 9ರಿಂದ 9.5. ಕ್ರೀಮು ಮೊದಲು ಕೂದಲನ್ನು ಉಬ್ಬಿಸಿ ಹೆಂಚುಗಳನ್ನು ಎಬ್ಬಿಸುತ್ತದೆ, ಆಮೇಲೆ ಒಳಗಿನ ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳನ್ನು ಪರಸ್ಪರ ಹಿಡಿದಿಟ್ಟಿರುವ ಗಂಧಕದ ಬಂಧಗಳನ್ನು ಬಿಡಿಸುತ್ತದೆ. ಬಿಸಿ ಇಸ್ತ್ರಿಯಿಂದ ಕೂದಲನ್ನು ನೇರ ಮಾಡಿದ ಬಳಿಕ ಹೈಡ್ರೋಜನ್ ಪೆರಾಕ್ಸೈಡ್ ಇರುವ ನ್ಯೂಟ್ರಲೈಸರ್ ಹಚ್ಚಿ ಆ ಬಂಧಗಳನ್ನು ಮತ್ತೆ ಕಟ್ಟುತ್ತಾರೆ. ಬಿಚ್ಚಿದ ಬಂಧಗಳೆಲ್ಲವೂ ಮತ್ತೆ ಕೂಡಿಕೊಳ್ಳುವುದಿಲ್ಲ. ಕೆಲವು ಸಿಸ್ಟೀಯಿಕ್ ಆಮ್ಲವಾಗಿ ಮಾರ್ಪಟ್ಟು ಋಣ ವಿದ್ಯುದಂಶವುಳ್ಳ, ನೀರನ್ನು ಬಯಸುವ ಜಾಗಗಳಾಗಿ ಉಳಿಯುತ್ತವೆ. ಅಂದರೆ ಮೇಲಿನ ಜಿಡ್ಡು ಹೋಯಿತು, ಹೆಂಚು ಸಡಿಲವಾಯಿತು, ಒಳಗೆ ನೀರನ್ನು ಕರೆಯುವವರು ಹೆಚ್ಚಾದರು. ಆಫ್ರಿಕಾ ಮೂಲದವರ ದಟ್ಟ ಗುಂಗುರು ಕೂದಲಿಗೆ ಅಮೆರಿಕ, ಆಫ್ರಿಕಾಗಳಲ್ಲಿ ಬಳಸುವ ಹೈಡ್ರಾಕ್ಸೈಡ್ ರಿಲ್ಯಾಕ್ಸರುಗಳು ಇನ್ನೂ ತೀಕ್ಷ್ಣ, ಅವುಗಳ ಪಿಎಚ್ 12ರಿಂದ 14. ಅಲ್ಲಿ ಗಂಧಕದ ಬಂಧ ಲ್ಯಾಂಥಿಯೋನಿನ್ ಎಂಬ ಬೇರೆಯೇ ಬಂಧವಾಗಿ ಬದಲಾಗಿಬಿಡುತ್ತದೆ, ಮತ್ತೆ ಹಿಂದಿನಂತೆ ಕಟ್ಟುವ ಮಾತೇ ಇಲ್ಲ. ಥಯೋ ಆದ ಕೂದಲಿಗೆ ಹೈಡ್ರಾಕ್ಸೈಡನ್ನಾಗಲಿ, ಹೈಡ್ರಾಕ್ಸೈಡ್ ಆದ ಕೂದಲಿಗೆ ಥಯೋವನ್ನಾಗಲಿ ಹಚ್ಚಿದರೆ ಕೂದಲು ತುಂಡಾಗುತ್ತದೆ. ಪಾರ್ಲರ್ ಬದಲಾಯಿಸುವಾಗ ಹಿಂದೆ ಏನು ಹಚ್ಚಿದ್ದರು ಎಂಬುದು ನಿಮಗೆ ಗೊತ್ತಿರಲೇಬೇಕಾದದ್ದು ಈ ಕಾರಣಕ್ಕೆ.

ಇನ್ನು ನೀರಿನ ಲೆಕ್ಕ. ಆರೋಗ್ಯವಂತ ಕೂದಲು ಕೂಡ ತನ್ನ ತೂಕದ ಸುಮಾರು ಶೇಕಡ 30ರಷ್ಟು ನೀರನ್ನು ಹೀರಬಲ್ಲದು. ಆಗ ಅದರ ಉದ್ದ ಶೇಕಡ 1–2ರಷ್ಟು ಮಾತ್ರ ಹೆಚ್ಚಿದರೂ ದಪ್ಪ ಶೇಕಡ 15ರ ಆಸುಪಾಸು ಹೆಚ್ಚುತ್ತದೆ. ಸರಂಧ್ರವಾದ ಕೂದಲು ಇದಕ್ಕಿಂತ ಹೆಚ್ಚು ನೀರನ್ನು, ಅದೂ ಬಹಳ ಬೇಗ, ತೆಗೆದುಕೊಳ್ಳುತ್ತದೆ. ಪ್ರತಿ ಬಾರಿ ಉಬ್ಬಿ ಕುಗ್ಗುವಾಗಲೂ ಈಗಾಗಲೇ ಎದ್ದಿರುವ ಹೆಂಚುಗಳ ಅಂಚು ಸ್ವಲ್ಪ ಸ್ವಲ್ಪ ಮುರಿಯುತ್ತದೆ, ಒಳಗಿನ ಪ್ರೋಟೀನು ಸ್ವಲ್ಪ ಸ್ವಲ್ಪ ಕರಗಿ ಹೋಗುತ್ತದೆ. ನಿಮ್ಮ ಕೂದಲಿಗೆ ಬೇಕಾಗಿರುವುದು ನೀರಲ್ಲ, ನೀರಿನ ಈ ಓಡಾಟಕ್ಕೆ ಒಂದು ತಡೆ.

ಪೊರಾಸಿಟಿಯನ್ನು ಪರೀಕ್ಷಿಸಲು ಲೋಟದ ನೀರಿನಲ್ಲಿ ಕೂದಲು ಹಾಕಿ, ಮುಳುಗಿತೋ ತೇಲಿತೋ ಎಂದು ನೋಡುವ ಪದ್ಧತಿಯೊಂದು ಪ್ರಚಾರದಲ್ಲಿದೆ. ಅದನ್ನು ನಂಬಬೇಡಿ, ಕೂದಲಿಗಂಟಿದ ಎಣ್ಣೆ, ಕಂಡೀಷನರಿನ ಶೇಷ, ಒಂದು ಸಣ್ಣ ಗಾಳಿಗುಳ್ಳೆ ಸಾಕು, ಫಲಿತಾಂಶ ಬದಲಾಗುತ್ತದೆ. ಬದಲಿಗೆ ಹೀಗೆ ಮಾಡಿ. ತೊಳೆದು ಒಣಗಿದ ಕೂದಲಿನ ಒಂದೇ ಒಂದು ಎಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ತುದಿಯಿಂದ ಬುಡದ ಕಡೆಗೆ ನಿಧಾನವಾಗಿ ಜಾರಿಸಿಕೊಂಡು ಹೋಗಿ. ಹೆಂಚಿನ ಅಂಚಿಗೆ ಎದುರಾಗಿ ಹೋಗುವುದರಿಂದ ತುದಿಯಲ್ಲಿ ಬೆರಳು ತಡೆತಡೆದು ಸಾಗುತ್ತದೆ, ಮರಳು ಹತ್ತಿದ ದಾರದಂತೆ ಅನಿಸುತ್ತದೆ. ಬುಡಕ್ಕೆ ಇನ್ನರ್ಧ ಗೇಣು ಇದೆಯೆನ್ನುವಾಗ ಒಮ್ಮೆಲೇ ನುಣುಪು ಶುರುವಾಗುತ್ತದೆ. ಆ ಗಡಿಯನ್ನು ನೆನಪಿಡಿ. ಕೂದಲು ತಿಂಗಳಿಗೆ ಸುಮಾರು 1ರಿಂದ 1.25 ಸೆಂಟಿಮೀಟರ್ ಬೆಳೆಯುತ್ತದೆ. ಎಂಟು ತಿಂಗಳಾದ ನಿಮ್ಮ ಬುಡದಲ್ಲಿ ಎಂಟು–ಹತ್ತು ಸೆಂಟಿಮೀಟರಿನಷ್ಟು ಔಷಧ ಮುಟ್ಟದ ಹೊಸ ಕೂದಲಿದೆ. ನಡುವಿನ ಭಾಗ ಒಂದೆರಡು ಸಲ ಔಷಧ ಕಂಡಿದೆ. ತುದಿ, ಪ್ರತಿ ಸಲವೂ ಪೂರ್ತಿ ಉದ್ದಕ್ಕೆ ಹಚ್ಚಿದ್ದರೆ, ಮೂರು ಸಲ ಕಂಡಿದೆ. ಒಂದೇ ಎಳೆಯಲ್ಲಿ ಮೂರು ಬಗೆಯ ಕೂದಲು. ‘ನನ್ನದು ಹೈ ಪೊರಾಸಿಟಿ ಕೂದಲು’ ಎಂದು ಇಡೀ ತಲೆಗೆ ಒಂದೇ ಹೆಸರಿಟ್ಟು ಬುಡದಿಂದ ತುದಿಯವರೆಗೆ ಒಂದೇ ಉಪಚಾರ ಮಾಡುವುದೇ ನಾನು ಕಂಡಿರುವ ಅತಿ ದೊಡ್ಡ ತಪ್ಪು: ಬುಡ ಜಿಡ್ಡುಗಟ್ಟುತ್ತದೆ, ತುದಿ ಒಣಗಿಯೇ ಇರುತ್ತದೆ, ಎರಡಕ್ಕೂ ಸಮಾಧಾನವಿಲ್ಲ.

ಆದ್ದರಿಂದ ಶ್ಯಾಂಪೂ ನೆತ್ತಿಗೆ ಮಾತ್ರ ಹಾಕಿ. ಇಳಿದುಬರುವ ನೊರೆ ಉದ್ದಕ್ಕೆ ಸಾಕು. ಕಂಡೀಷನರ್ ನುಣುಪಿನ ಗಡಿಯಿಂದ ಕೆಳಕ್ಕೆ ಮಾತ್ರ, ಆದರೆ ಪ್ರತಿ ತಲೆಸ್ನಾನಕ್ಕೂ ತಪ್ಪದೆ. ಬಾಟಲಿಯ ಹಿಂದಿನ ಪದಾರ್ಥಗಳ ಪಟ್ಟಿಯಲ್ಲಿ ಬೆಹೆನ್‌ಟ್ರೈಮೋನಿಯಂ ಅಥವಾ ಸೆಟ್ರೈಮೋನಿಯಂ ಕ್ಲೋರೈಡ್ ಮೇಲಿನ ಸಾಲುಗಳಲ್ಲಿಯೇ ಇದ್ದರೆ ಒಳ್ಳೆಯದು. ಇವು ಧನ ವಿದ್ಯುದಂಶವುಳ್ಳವು. ಋಣಾಂಶ ಹೆಚ್ಚಿರುವ ಹಾಳಾದ ಜಾಗಗಳಿಗೇ ಹೋಗಿ ಹೆಚ್ಚಾಗಿ ಅಂಟುತ್ತವೆ. ಅಮೋಡೈಮೆಥಿಕೋನ್ ಎಂಬ ಸಿಲಿಕೋನ್ ಕೂಡ ಹೀಗೆಯೇ ವರ್ತಿಸುತ್ತದೆ. ಸಿಲಿಕೋನ್ ಎಂದರೆ ವಿಷ ಎಂಬ ಮಾತನ್ನು ಬಹಳ ಮಂದಿ ನನಗೆ ಹೇಳಿದ್ದಾರೆ. ರಾಸಾಯನಿಕದಿಂದ ಹೊರಲೇಪವನ್ನೇ ಕಳೆದುಕೊಂಡ ಕೂದಲಿಗೆ ಅದೊಂದು ಎರವಲು ಲೇಪ, ಬೇಡವೆನ್ನಲು ನನಗೆ ಕಾರಣ ಕಾಣುವುದಿಲ್ಲ.

ತೆಂಗಿನೆಣ್ಣೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪಾರ್ಲರಿನಿಂದ ಬಂದ ಮೇಲೆ ಮೊದಲು ಮೂಲೆಗೆ ಸೇರುವುದು ಮನೆಯ ಎಣ್ಣೆಯ ಬಾಟಲಿ. ಮುಂಬಯಿಯ ಮ್ಯಾರಿಕೋ ಕಂಪೆನಿಯ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜತೈಲಗಳನ್ನು ಹೋಲಿಸಿದಾಗ, ಚೆನ್ನಾಗಿರುವ ಕೂದಲಿನಲ್ಲೂ ಹಾಳಾದ ಕೂದಲಿನಲ್ಲೂ ಪ್ರೋಟೀನಿನ ನಷ್ಟವನ್ನು ಗಣನೀಯವಾಗಿ ತಗ್ಗಿಸಿದ್ದು ತೆಂಗಿನೆಣ್ಣೆ ಮಾತ್ರ. ಕಂಪೆನಿ ತೆಂಗಿನೆಣ್ಣೆಯನ್ನೇ ಮಾರುವುದೆಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು. ಆದರೆ ಕಾರಣ ಸ್ಪಷ್ಟವಾಗಿದೆ. ತೆಂಗಿನೆಣ್ಣೆಯಲ್ಲಿ ಹೇರಳವಾಗಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು, ಕೂದಲಿನೊಳಕ್ಕೆ ಇಳಿಯಬಲ್ಲದು. ಒಳಗೆ ಕುಳಿತ ಎಣ್ಣೆ ನೀರಿಗೆ ಜಾಗ ಕೊಡುವುದಿಲ್ಲ, ಉಬ್ಬರ ಕಡಿಮೆಯಾಗುತ್ತದೆ. ಹಾಗಾಗಿ ಎಣ್ಣೆ ಹಚ್ಚಬೇಕಾದದ್ದು ಸ್ನಾನಕ್ಕೆ ಮುಂಚೆ, ಕೆಲವು ಗಂಟೆಗಳಷ್ಟು ಮೊದಲು ಅಥವಾ ಹಿಂದಿನ ರಾತ್ರಿ, ಗಡಿಯಿಂದ ಕೆಳಗಿನ ಉದ್ದಕ್ಕೆ, ಅಂಗೈ ಮಿನುಗುವಷ್ಟು ಮಾತ್ರ.

ಪ್ರೋಟೀನ್ ಮಾಸ್ಕುಗಳನ್ನು ವಾರವಾರವೂ ಹಚ್ಚಿದರೆ ಕೂದಲು ಬಿರುಸಾಗುತ್ತದೆ. ಒದ್ದೆ ಎಳೆಯನ್ನು ಮೆಲ್ಲನೆ ಎಳೆದು ನೋಡಿ: ಹಿಗ್ಗಿ ಹಿಂದಕ್ಕೆ ಬಂದರೆ ಪ್ರೋಟೀನ್ ಬೇಡ, ಅಂಟಿನಂತೆ ಹಿಗ್ಗಿ ಹಾಗೇ ಉಳಿದರೆ ಮೂರು–ನಾಲ್ಕು ವಾರಕ್ಕೊಮ್ಮೆ ಹೈಡ್ರೊಲೈಸ್ಡ್ (ಸಣ್ಣ ತುಣುಕುಗಳಾಗಿ ಒಡೆದ) ಪ್ರೋಟೀನ್ ಇರುವುದನ್ನು ಬಳಸಿ.

ನೀವಿರುವ ಕಟ್ಟಡಕ್ಕೆ ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು ಬರುತ್ತದೆಯೇ ಎಂದು ವಿಚಾರಿಸಿ. ಮುಂಬಯಿ ನಗರಪಾಲಿಕೆ ತಾನ್ಸಾ, ವೈತರಣಾ, ಭಾತ್ಸಾ ಮುಂತಾದ ಜಲಾಶಯಗಳಿಂದ ಕೊಡುವುದು ಮಳೆಯ ನೀರು. ಬೋರ್‌ವೆಲ್ಲಿನ ನೀರು ಸಾಮಾನ್ಯವಾಗಿ ಗಡಸು. ಅದರ ಕ್ಯಾಲ್ಸಿಯಂ ಹಾಳಾದ ಕೂದಲಿನ ಋಣಾಂಶದ ಜಾಗಗಳಿಗೆ ಕಚ್ಚಿಕೊಳ್ಳುತ್ತದೆ, ಕೂದಲು ಬೂದಿ ಬಳಿದಂತೆ ಮಂಕಾಗುತ್ತದೆ. ತಿಂಗಳಿಗೊಮ್ಮೆ, ಕ್ಯಾಲ್ಸಿಯಂ ಅನ್ನು ಹಿಡಿದು ತೆಗೆಯುವ ಇಡಿಟಿಎ ಎಂಬ ಪದಾರ್ಥವಿರುವ ಶ್ಯಾಂಪೂವಿನಿಂದ ತೊಳೆದರೆ ಇದು ಇಳಿಯುತ್ತದೆ. ವಿನೆಗರ್ ಹೆಂಚುಗಳನ್ನು ಮುಚ್ಚುತ್ತದೆ ಎನ್ನುವುದು ಅರ್ಧ ನಿಜ. ಆಮ್ಲೀಯ ನೀರು ಕೂದಲಿನ ಉಬ್ಬರವನ್ನು ತಗ್ಗಿಸುತ್ತದೆ, ಆದರೆ ಒಳ್ಳೆಯ ಕಂಡೀಷನರ್ ಆಗಲೇ ಆಮ್ಲೀಯವಾಗಿರುತ್ತದೆ, ಮೇಲೆ ಇನ್ನೊಂದು ಬೇಕಿಲ್ಲ.

ಕೊನೆಗೆ, ನಮ್ಮ ಮುಂಬಯಿ ಬದುಕಿಗೇ ಸೇರಿದ ಒಂದು ಸಂಗತಿ. ಬೆಳಿಗ್ಗೆ ಆರಕ್ಕೆ ತಲೆಸ್ನಾನ, ಒದ್ದೆ ಕೂದಲಿಗೇ ಬಿಗಿಯಾಗಿ ರಬ್ಬರ್‌ಬ್ಯಾಂಡ್, ಏಳರ ಫಾಸ್ಟ್ ಲೋಕಲ್‌ನಲ್ಲಿ ನೂಕುನುಗ್ಗಲು: ನಾನೂ ವರ್ಷಗಟ್ಟಲೆ ಹೀಗೆಯೇ ಮಾಡಿದವಳು, ರಬ್ಬರ್‌ಬ್ಯಾಂಡ್ ಇರುತ್ತಿದ್ದ ಜಾಗದಲ್ಲಿಯೇ ಕೂದಲು ಸಾಲಾಗಿ ತುಂಡಾಗಿದ್ದನ್ನು ಒಂದು ದಿನ ಕನ್ನಡಿಯಲ್ಲಿ ಕಂಡು ಬಹಳ ನೊಂದುಕೊಂಡವಳು. ಒದ್ದೆಯಾದಾಗ ಕೂದಲು ಅತ್ಯಂತ ದುರ್ಬಲ. ಸರಂಧ್ರ ಕೂದಲು ಒದ್ದೆಯಾಗಿ ಕಟ್ಟಿಟ್ಟರೆ ಗಂಟೆಗಟ್ಟಲೆ ಉಬ್ಬಿಯೇ ಇರುತ್ತದೆ. ಸಾಧ್ಯವಾದರೆ ತಲೆಸ್ನಾನವನ್ನು ಸಂಜೆಗೆ ಬದಲಾಯಿಸಿ. ಟರ್ಕಿ ಟವೆಲಿನಿಂದ ಉಜ್ಜದೆ, ನಮ್ಮ ಅಮ್ಮಂದಿರು ಮಾಡುತ್ತಿದ್ದಂತೆ ಹಳೆಯ ತೆಳು ಬೈರಾಸಿನಿಂದ ಒತ್ತಿ ನೀರು ತೆಗೆದು, ಹರಡಿ ಬಿಡಿ. ಒದ್ದೆ ಕೂದಲಿಗೆ ಇಸ್ತ್ರಿ ಖಂಡಿತ ಬೇಡ. ಒಳಗಿನ ನೀರು ಕುದಿದು ಎಳೆಯಲ್ಲಿ ಗುಳ್ಳೆಗಳೇಳುತ್ತವೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಇಲ್ಲಿಯ ಗಾಳಿಯ ತೇವಾಂಶ ಶೇಕಡ 80ನ್ನು ದಾಟುವುದು ಸಾಮಾನ್ಯವಾದ್ದರಿಂದ ಗ್ಲಿಸರಿನ್ ಹೆಚ್ಚಿರುವ ಜೆಲ್ಲುಗಳು ಗಾಳಿಯಿಂದಲೇ ನೀರನ್ನು ಎಳೆದುಕೊಳ್ಳುತ್ತವೆ; ಮಳೆಗಾಲಕ್ಕೆ ಎರಡು ಹನಿ ಸಿಲಿಕೋನ್ ಸೀರಮ್ಮೇ ಮೇಲು.

ಪಾರ್ಲರಿನವರು ಹೇಳಿದ ಇನ್ನೊಂದು ಟ್ರೀಟ್‌ಮೆಂಟ್ ಕೆರಾಟಿನ್ ಆಗಿದ್ದರೆ, ಅದು ಕೆಲವು ತಿಂಗಳ ಹೊದಿಕೆ, ಅದಕ್ಕಾಗಿ ನಿಮ್ಮ ತುದಿಯ ಮೇಲೆ ಮತ್ತೆ ಸುಡುಬಿಸಿ ಇಸ್ತ್ರಿ ಹಲವು ಸಲ ಹಾದುಹೋಗಬೇಕು. ಈಗಿನ ಸ್ಥಿತಿಯಲ್ಲಿ ನಾನು ಬೇಡವೆನ್ನುತ್ತೇನೆ. ಮತ್ತೊಂದು ಸ್ಮೂದನಿಂಗ್ ಆಗಿದ್ದರೆ ಹೊಸ ಬುಡಕ್ಕೆ ಮಾತ್ರ ಹಚ್ಚುವುದಾಗಿ, ಹಳೆಯ ಉದ್ದಕ್ಕೆ ಕ್ರೀಮು ತಾಗದಂತೆ ಕಾಯುವುದಾಗಿ ಮೊದಲೇ ಮಾತಾಗಲಿ, ಒಂದು ಸಣ್ಣ ಕುಚ್ಚಿನ ಮೇಲೆ ಪರೀಕ್ಷೆ ಆಗಲಿ. ಈ ನಡುವೆ ಪುಡಿ ಕಾಲಿ ಮೆಹಂದಿ (ಕೂದಲು ಕಪ್ಪಾಗಿಸುವ ಬಣ್ಣದ ಪುಡಿ) ಹಚ್ಚಿದ್ದರೆ ಮುಚ್ಚಿಡದೆ ಹೇಳಿ. ಅದರಲ್ಲಿ ಲೋಹದ ಲವಣಗಳಿದ್ದರೆ ಪೆರಾಕ್ಸೈಡ್ ತಾಗಿದಾಗ ಕೂದಲು ಬಿಸಿಯೇರಿ ಹಾಳಾಗಬಹುದು. ತುದಿಯನ್ನು ಎರಡು–ಮೂರು ತಿಂಗಳಿಗೊಮ್ಮೆ ಎರಡು ಬೆರಳಿನಷ್ಟು ಕತ್ತರಿಸುತ್ತಾ ಬನ್ನಿ, ಮೂರು ಸಲ ಔಷಧ ಕಂಡ ಭಾಗ ಒಂದೂವರೆ ವರ್ಷದೊಳಗೆ ಬಹುಪಾಲು ಹೋಗುತ್ತದೆ. ಕೂದಲು ತುಂಡಾಗುವುದರ ಬದಲು ಬುಡಸಮೇತ ಉದುರುತ್ತಿದ್ದರೆ, ಅಥವಾ ನೆತ್ತಿಯಲ್ಲಿ ಉರಿ, ಹೊಪ್ಪಳೆ ಕಂಡರೆ, ಅದು ಪೊರಾಸಿಟಿಯ ವಿಷಯವಲ್ಲ. ಎಣ್ಣೆ, ಮಾಸ್ಕು ಎಂದು ದಿನ ದೂಡದೆ ಚರ್ಮವೈದ್ಯರಿಗೆ ತೋರಿಸಿ.