ಹಿಮದಡಿಯ ಶೇಡಿ

ಕಾಸರಗೋಡು ಕಡೆ ಗುಡ್ಡ ಕಡಿದು ಮನೆ ಕಟ್ಟಿದವರಿಗೆ ಶೇಡಿ ಮಣ್ಣಿನ ಕಾಟ ಗೊತ್ತು. ಮೇಲೆ ಗಟ್ಟಿ ಮುರಕಲ್ಲು, ಅಡಿಯಲ್ಲಿ ಮೆತ್ತಗಿನ ಶೇಡಿ. ಆಟಿಯ ಮಳೆಗೆ ಶೇಡಿ ನೆನೆದರೆ ಬರೆ ಜರಿಯುತ್ತದೆ. ಮೇಲಿನ ಕಲ್ಲು ಎಷ್ಟೇ ಗಟ್ಟಿಯಿರಲಿ, ಅದೂ ಜೊತೆಗೇ ಬರುತ್ತದೆ. ರಾಣಿಪುರಂ ಬೆಟ್ಟ ಹತ್ತಿ ರುಚಿ ಹಿಡಿದು, ಈಗ ಚಳಿಗಾಲದಲ್ಲಿ ಹಿಮಾಲಯಕ್ಕೆ ಹೊರಡುವ ನಮ್ಮ ಹುಡುಗ ಹುಡುಗಿಯರಿಗೆ ಇಷ್ಟು ನೆನಪಿದ್ದರೆ ಹಿಮಕುಸಿತ ಅರ್ಧ ಅರ್ಥವಾದ ಹಾಗೆ.

ಪ್ರತಿ ಸಲ ಬಿದ್ದ ಹಿಮ ಒಂದೊಂದು ಪದರವಾಗುತ್ತದೆ. ಚಳಿಗಾಲದ ಶುರುವಿನ ತೆಳು ಹಿಮದ ಕೆಳಗೆ ನೆಲ ಸುಮಾರು 0 ಡಿಗ್ರಿಯಲ್ಲಿರುತ್ತದೆ. ಮೇಲಿನ ಗಾಳಿ ಅದಕ್ಕಿಂತ ಎಷ್ಟೋ ತಣ್ಣಗೆ. ಆಗ ಕೆಳಗಿನಿಂದ ನೀರಾವಿ ಮೇಲಕ್ಕೆ ಹೊರಟು, ದಾರಿಯಲ್ಲೇ ಮತ್ತೆ ಹೆಪ್ಪುಗಟ್ಟುತ್ತದೆ. ಹೀಗೆ ಹುಟ್ಟುವ ದಪ್ಪ ಹರಳುಗಳು ಒಂದಕ್ಕೊಂದು ಸರಿಯಾಗಿ ಅಂಟುವುದಿಲ್ಲ. ಆಮೇಲೆ ಗಾಳಿ ಹೊತ್ತು ತಂದ ಹಿಮ ಅದರ ಮೇಲೆ ಗಟ್ಟಿ ಹಲಗೆಯಾಗಿ ಕೂರುತ್ತದೆ. ಕಾಲಿಟ್ಟರೆ ಹೂತುಹೋಗುವುದಿಲ್ಲ, ಬಿಗಿಯಾಗಿದೆ ಅನಿಸುತ್ತದೆ. ಮೋಸ ಇರುವುದೇ ಅಲ್ಲಿ.

ನಮ್ಮಲ್ಲಿ ಜರಿಯಲು ಮಳೆ ಬೇಕು. ಅಲ್ಲಿ ಒಬ್ಬರ ಭಾರವೇ ಸಾಕಾಗಬಹುದು. ಹಲಗೆ ತೆಳುವಾಗಿರುವ ಕಡೆ ಕಾಲು ಬಿದ್ದರೆ ಒಳಪದರ ಕುಸಿದು, ಸೀಳು ಕ್ಷಣದಲ್ಲಿ ಇಳಿಜಾರಿನ ಉದ್ದಕ್ಕೂ ಓಡುತ್ತದೆ. ಚಾರಣಿಗರು ಸಿಕ್ಕಿಬೀಳುವುದು ಹೆಚ್ಚಾಗಿ ತಾವೋ ಜೊತೆಗಾರರೋ ಎಬ್ಬಿಸಿದ ಕುಸಿತಕ್ಕೇ. 30ರಿಂದ 45 ಡಿಗ್ರಿಯ ಇಳಿಜಾರು ತುಂಬಾ ಕೆಟ್ಟದು. ಅದಕ್ಕಿಂತ ಕಡಿದಾದ ಕಡೆ ಹಿಮ ಆಗಾಗ ಉದುರಿಹೋಗುತ್ತದೆ, ಅಷ್ಟು ಜಾಸ್ತಿ ಸೇರುವುದಿಲ್ಲ.

ಮಳೆ ಬಿಟ್ಟರೆ ನಮಗೆ ಧೈರ್ಯ, ಅಲ್ವಾ? ಹಿಮ ಸುರಿದು ಬಿಸಿಲು ಬಂದ ಮೊದಲ ದಿನಕ್ಕೆ ಆ ಲೆಕ್ಕ ನಡೆಯದು. ಹೊಸ ಭಾರ ಇನ್ನೂ ಕೂತಿರುವುದಿಲ್ಲ. ಫೋಟೊಗೆ ಒಳ್ಳೆಯ ದಿನ, ಅಷ್ಟೇ. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕಿ 25ಕ್ಕೂ ಹೆಚ್ಚು ಜನ ಸತ್ತರು. ಅವರು ಸುಮ್ನೆ ಹೋದ ಪ್ರವಾಸಿಗಳಲ್ಲ, ಪರ್ವತಾರೋಹಣ ತರಬೇತಿಯ ತಂಡದವರು.

ಬಲ್ಲವರು ಹಿಮದಲ್ಲಿ ಗುಂಡಿ ತೋಡಿ ನೋಡುತ್ತಾರೆ. 30 ಸೆಂಟಿಮೀಟರ್ ಚೌಕದ ಕಂಬ ಬಿಡಿಸಿ, ಮೇಲೆ ಸಲಿಕೆ ಇಟ್ಟು ಬಡಿಯುತ್ತಾರೆ. ಮಣಿಕಟ್ಟಿನಿಂದ 10 ಪೆಟ್ಟು, ಮೊಣಕೈಯಿಂದ 10, ಭುಜದಿಂದ 10. ಮೊದಲ ಕೆಲವು ಪೆಟ್ಟಿಗೇ ಪದರ ಜಾರಿದರೆ ಆ ಇಳಿಜಾರು ಬಿಟ್ಟರು. ನಡೆಯುವಾಗ ಕಾಲಡಿ 'ವೂಂಫ್' ಎಂದು ಒಳಪದರ ಕುಸಿದ ಸದ್ದಾದರೆ ಗುಂಡಿಯೂ ಬೇಡ, ಬಂದ ದಾರಿಯಲ್ಲೇ ವಾಪಸ್ ಹೊರಡಿ.

ಹೂತುಹೋದವರನ್ನು ಚಳಿಗಿಂತ ಮೊದಲು ಕೊಲ್ಲುವುದು ಉಸಿರುಕಟ್ಟು. 10 ನಿಮಿಷದೊಳಗೆ ತೆಗೆದರೆ ಹೆಚ್ಚಿನವರು ಉಳಿಯುತ್ತಾರೆ. ಅರ್ಧ ಗಂಟೆ ದಾಟಿದರೆ ಆಸೆ ಕಡಿಮೆ. ಅಷ್ಟರಲ್ಲಿ ಹೆಲಿಕಾಪ್ಟರ್ ಎಲ್ಲಿಂದ ಬರಬೇಕು? ತಂಡದ ಪ್ರತಿಯೊಬ್ಬರ ಬಳಿ ಸಿಗ್ನಲ್ ಬಿಡುವ ಬೀಕನ್, ಚುಚ್ಚಿ ಹುಡುಕುವ ಉದ್ದ ಕೋಲು, ಸಲಿಕೆ ಇರಬೇಕು. ಟ್ರೆಕ್ಕಿಂಗ್ ಕಂಪನಿಗೆ ಹಣ ಕಟ್ಟುವ ಮೊದಲೇ ಇದನ್ನು ಕೇಳಿ. ಚಂಡೀಗಢದಲ್ಲಿರುವ, ರಕ್ಷಣಾ ಸಂಶೋಧನೆಯ ಡಿಜಿಆರ್‌ಇ ಸಂಸ್ಥೆ ಕೊಡುವ ಹಿಮಕುಸಿತದ ಮುನ್ಸೂಚನೆಯನ್ನು ಅವರ ಗೈಡ್ ನೋಡುತ್ತಾರಾ ಎಂದೂ ಕೇಳಿ.