ಜೀಪಿನ ಕೆಸರಿಗೆ ಗ್ಯಾರೇಜಿನ ಮದ್ದು

ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ತೋಟಗಳಿಂದ ಟಾರು ರಸ್ತೆಗೆ ಏರಿ ಬರುವ ಫೋರ್ ವೀಲ್ ಜೀಪುಗಳನ್ನು ಗಮನಿಸಿ. ಒಂದರ ಮೈಗೆ ಸೊಂಟದವರೆಗೆ ಮಾತ್ರ ಕೆಸರು, ಇನ್ನೊಂದಕ್ಕೆ ನೆತ್ತಿಯವರೆಗೆ. ಹಾದಿಯೂ ಒಂದೇ, ಮಳೆಯೂ ಒಂದೇ. ಎರಡನೆಯದರ ಟೈರುಗಳು ಹೆಚ್ಚಾಗಿ ಮಡ್‌ಗಾರ್ಡಿನಿಂದ ಆಚೆಗೆ ಚಾಚಿಕೊಂಡಿರುತ್ತವೆ. ಅಗಲದ ಟೈರು ಹಾಕಿಸಿದ ಹುರುಪಿನಲ್ಲಿ ಅದನ್ನು ಮುಚ್ಚುವುದು ಯಾರಿಗೂ ನೆನಪಾಗಿರುವುದಿಲ್ಲ.

ಟೈರಿಗೆ ಅಂಟಿದ ಕೆಸರು ಅದರೊಂದಿಗೇ ಸುತ್ತಬೇಕಾದರೆ ಅದನ್ನು ಒಳಮುಖವಾಗಿ ಹಿಡಿದಿಡುವ ಬಲ ಬೇಕು. ಈ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 35 ಸೆಂ.ಮೀ. ತ್ರಿಜ್ಯದ ಚಕ್ರವೊಂದು ಗಂಟೆಗೆ 18 ಕಿ.ಮೀ. ವೇಗದಲ್ಲಿ ಉರುಳುವಾಗ ಕೆಸರಿನ ಉಂಡೆಗೆ ತನ್ನ ತೂಕದ ಏಳರಷ್ಟು ಅಂಟು ಇರಬೇಕು. ವೇಗ 36 ಕಿ.ಮೀ. ಆದರೆ ಸುಮಾರು 29ರಷ್ಟು. ಅಂಟು ಸೋತ ಕ್ಷಣವೇ ಉಂಡೆ ಸ್ಪರ್ಶರೇಖೆಯ ದಿಕ್ಕಿನಲ್ಲಿ ಹಾರುತ್ತದೆ. ಗಾಡಿಯಲ್ಲಿ ಕುಳಿತವರ ಲೆಕ್ಕದಲ್ಲಿ, ನೆಲ ಬಿಟ್ಟ ಕೂಡಲೇ ಕಳಚಿದ್ದು ಹಿಂದಕ್ಕೆ, ಚಕ್ರದ ಹಿಂಬದಿಯಲ್ಲಿ ಕಳಚಿದ್ದು ಮೇಲಕ್ಕೆ, ನೆತ್ತಿಯಲ್ಲಿ ಕಳಚಿದ್ದು ಮುಂದಕ್ಕೆ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಮೇಲಕ್ಕೆ ಹಾರಿದ ಉಂಡೆ 18 ಕಿ.ಮೀ. ವೇಗದಲ್ಲಿ ಒಂದೂಕಾಲು ಮೀಟರ್ ಏರುತ್ತದೆ, 36ರಲ್ಲಿ ಐದು ಮೀಟರ್. ಬಲಗಾಲನ್ನು ತುಸು ಎತ್ತುವುದಕ್ಕಿಂತ ಅಗ್ಗದ ಉಪಾಯ ಯಾವ ಗ್ಯಾರೇಜಿನಲ್ಲೂ ಸಿಗುವುದಿಲ್ಲ.

ಮುಂದಿನ ಗಾಜಿಗೆ ನಮ್ಮದೇ ಕೆಸರು ಬಂದು ಬಡಿಯುವುದು ಮಾತ್ರ ವಿಚಿತ್ರ. ಉರುಳುವ ಚಕ್ರದ ನೆತ್ತಿ ನೆಲದ ಲೆಕ್ಕದಲ್ಲಿ ಗಾಡಿಯ ಎರಡರಷ್ಟು ವೇಗದಲ್ಲಿ ಮುಂದೆ ಸಾಗುತ್ತಿರುತ್ತದೆ. ನೆತ್ತಿಗೆ ಸ್ವಲ್ಪ ಮೊದಲು ಕಳಚಿದ ಹನಿ ಮೇಲಕ್ಕೂ ಮುಂದಕ್ಕೂ ಚಿಮ್ಮಿ, ಗಾಡಿಯನ್ನೇ ಹಿಂದಿಕ್ಕಿ, ಗಾಳಿಯ ತಡೆಗೆ ಸಿಕ್ಕಿ ವೇಗ ಕಳೆದುಕೊಳ್ಳುತ್ತದೆ. ಅಷ್ಟರಲ್ಲಿ ಹಿಂದಿನಿಂದ ಬಂದ ಗಾಡಿಯೇ ಹೋಗಿ ಅದಕ್ಕೆ ಡಿಕ್ಕಿ ಹೊಡೆಯುತ್ತದೆ.

ಇದನ್ನು ತಡೆಯಲು ಟೈರಿನ ಪೂರ್ತಿ ಅಗಲವನ್ನು ಮೇಲಿನಿಂದ ಮುಚ್ಚಿದರೆ ಸಾಕು. ಹಳೆಯ ಲಾರಿ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಮಡ್‌ಗಾರ್ಡಿನ ಅಂಚಿಗೆ ಜೋಡಿಸಬಹುದು. ಬರೀ ಬೋಲ್ಟ್ ಹಾಕಿದರೆ ರಬ್ಬರ್ ತೂತಿನ ಬಳಿಯೇ ಹರಿಯುತ್ತದೆ. ಮೇಲೊಂದು ಲೋಹದ ಪಟ್ಟಿ ಒತ್ತಿ ಬಿಗಿದರೆ ಎಳೆತ ಉದ್ದಕ್ಕೂ ಹಂಚಿಹೋಗುತ್ತದೆ. ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಟೈರು ಎಲ್ಲೂ ಉಜ್ಜುತ್ತಿಲ್ಲವೆಂದು ನೋಡಿಕೊಂಡ ಮೇಲೆಯೇ ಕೊನೆಯ ನಟ್ಟು ಬಿಗಿಯಬೇಕು. ಗಾಡಿಯ ಮೂಲ ಸ್ವರೂಪ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ ಎಂಬುದೂ ನೆನಪಿರಲಿ. ಬಿಚ್ಚಿಡಬಹುದಾದ ರಬ್ಬರ್ ಪಟ್ಟಿಯೇ ಬೇರೆ, ಮೈಯನ್ನೇ ಕತ್ತರಿಸಿ ಅಗಲಿಸುವುದೇ ಬೇರೆ.

ಹಿಂದಕ್ಕೆ ಹಾರುವ ಕೆಸರಿಗೆ ಚಕ್ರದ ಹಿಂದೆ ಇಳಿಬಿಡುವ ರಬ್ಬರ್ ಹಾಳೆ, ಅಂದರೆ ಮಡ್‌ ಫ್ಲ್ಯಾಪ್ ಬೇಕು. ಇದಕ್ಕೆ ಟ್ಯೂಬ್ ಆಗದು, ಗಾಳಿಗೆ ಬಾವುಟದಂತೆ ಮೇಲೇಳುತ್ತದೆ. ಹಳೆಯ ಕನ್ವೇಯರ್ ಬೆಲ್ಟಿನ ತುಂಡು ಉತ್ತಮ, ಏಕೆಂದರೆ ಅದರೊಳಗಿನ ಬಟ್ಟೆಯ ಪದರಗಳು ರಬ್ಬರನ್ನು ಗಡಸಾಗಿ ನಿಲ್ಲಿಸುತ್ತವೆ. ಫ್ಲ್ಯಾಪ್ ಟೈರಿಗೆ ಹತ್ತಿರವಾದಷ್ಟೂ, ನೆಲಕ್ಕೆ ಇಳಿದಷ್ಟೂ ಹೆಚ್ಚು ಕೆಸರು ಹಿಡಿಯುತ್ತದೆ. ಹಾಗೆಂದು ಗಾಲಿಯ ಮಗ್ಗುಲಿಗೇ ತಂದು ಇಳಿಬಿಟ್ಟರೆ, ಗಾಡಿಯನ್ನು ರಿವರ್ಸ್ ತೆಗೆದ ದಿನ ಟೈರು ಅದನ್ನು ತುಳಿದು ಕಿತ್ತುಹಾಕುತ್ತದೆ, ಜೊತೆಗೆ ತಗಡನ್ನೂ ಬಾಗಿಸುತ್ತದೆ. ಕೆಳ ಅಂಚಿಗೊಂದು ಸರಪಳಿ ಕಟ್ಟಿ ಹಿಂದಿನ ಬಂಪರಿಗೆ ಕೊಕ್ಕೆ ಹಾಕುವ ಏರ್ಪಾಡು ನನಗೆ ಮೆಚ್ಚು. ಕಲ್ಲುಹಾದಿಯಲ್ಲಿ ಮೇಲೆತ್ತಿ ಕಟ್ಟಬಹುದು, ರಸ್ತೆಗೆ ಬಂದಾಗ ಇಳಿಬಿಡಬಹುದು.

ಇಲ್ಲಿಯವರೆಗೆ ಹೇಳಿದ್ದು ಮಲೆನಾಡಿನ ಕೆಮ್ಮಣ್ಣಿನ ನೀರುಕೆಸರಿಗೆ. ಇದೇ ಜೀಪನ್ನು ಗದಗದ ಎರೆಹೊಲಕ್ಕೆ ಇಳಿಸಿದರೆ ಎಲ್ಲ ತಲೆಕೆಳಗು. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೇರಳ. ಅದರ ಪದರಗಳ ನಡುವೆ ನೀರು ನುಸುಳಿದಂತೆ ಮಣ್ಣು ಉಬ್ಬುತ್ತದೆ, ಬಿಡಿಸಲಾಗದಂತೆ ಹತ್ತುತ್ತದೆ. ನೀರಿನ ಪ್ರಮಾಣ ಬದಲಾದಂತೆ ಜೇಡಿ ಗಟ್ಟಿಯಿಂದ ಕಣಕದಂತಾಗಿ, ಕೊನೆಗೆ ಹರಿಯುವ ಹಂತಗಳನ್ನು ಸ್ವೀಡನ್ನಿನ ಆಲ್ಬರ್ಟ್ ಅಟರ್‌ಬರ್ಗ್ 1911ರಲ್ಲೇ ಗುರುತಿಸಿದ್ದರು. ನಡುವಿನ ಆ ಹದದಲ್ಲಿ ಎರೆಮಣ್ಣು ಹಾರುವುದೇ ಇಲ್ಲ, ಟೈರಿಗೆ ಮೆತ್ತಿಕೊಂಡು ದಪ್ಪವಾಗುತ್ತಲೇ ಹೋಗುತ್ತದೆ. ಮಡ್‌ಗಾರ್ಡ್ ಹತ್ತಿರವಿದ್ದರೆ ಸಂದು ತುಂಬಿ ಚಕ್ರವೇ ನಿಲ್ಲಬಹುದು. ಮಳೆಗಾಲದಲ್ಲಿ ಸೈಕಲ್, ಬೈಕುಗಳ ಮಡ್‌ಗಾರ್ಡ್ ಬಿಚ್ಚಿಡುವವರು ಮಾಡುವುದು ಸರಿಯಾದ ಎಂಜಿನಿಯರಿಂಗನ್ನೇ. ಅಲ್ಲಿ ಮೈ ಕೊಳೆಯಾಗುವುದನ್ನು ಒಪ್ಪಿಕೊಂಡು, ಟೈರಿನ ಸುತ್ತ ಜಾಗ ಬಿಡಬೇಕು.

ಮೈಗೆ ಮೇಣ, ಸಿಲಿಕೋನ್ ಸ್ಪ್ರೇ, ಅಡುಗೆ ಎಣ್ಣೆ ಬಳಿಯುವ ಸಲಹೆಗಳೂ ಚಾಲ್ತಿಯಲ್ಲಿವೆ. ಕೆಸುವಿನ ಎಲೆಯ ಮೇಲೆ ನೀರು ಉರುಳುತ್ತದಲ್ಲ, ಹಾಗೆಯೇ ಕೆಸರೂ ಜಾರಲಿ ಎಂಬ ಆಸೆ. ಎಲೆಯ ಗುಟ್ಟು ಅದರ ಮೇಣ ಮತ್ತು ಕಣ್ಣಿಗೆ ಕಾಣದ ಉಬ್ಬುತಗ್ಗುಗಳಲ್ಲಿದೆ. ವೇಗವಾಗಿ ಬಂದು ಬಡಿಯುವ ಕೆಸರಿನ ಮರಳು ಯಾವ ಲೇಪವನ್ನೂ ಉಜ್ಜಿ ತೆಗೆಯುತ್ತದೆ. ಮೇಣ ಕೆಸರನ್ನು ತಡೆಯುವುದಿಲ್ಲ, ಆಮೇಲೆ ತೊಳೆಯುವುದನ್ನು ಹಗುರ ಮಾಡುತ್ತದೆ, ಅಷ್ಟೇ. ಚಾಸಿಗೆ ಹಳೆಯ ಎಂಜಿನ್ ಆಯಿಲ್ ಹೊಡೆಯುವ ಪದ್ಧತಿಯನ್ನಂತೂ ಬಿಡುವುದೇ ಒಳ್ಳೆಯದು. ಅದು ಕೀಲುಗಳಲ್ಲಿ ಮೆತ್ತೆಯಂತೆ ಕೂರುವ ಸ್ವಾಭಾವಿಕ ರಬ್ಬರಿನ ಬುಷ್‌ಗಳನ್ನು ಉಬ್ಬಿಸಿ ಹಾಳು ಮಾಡುತ್ತದೆ, ಮಳೆಗೆ ತೊಳೆದು ಹಳ್ಳ ಸೇರುತ್ತದೆ.

ಚಕ್ರದ ಗೂಡಿನೊಳಗೆ ಹೊದಿಕೆ ಬೇಕೆನಿಸಿದರೆ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಕತ್ತರಿಸಿ ಬಾಗಿಸಬಹುದು. ಆ ಪಾಲಿಥೀನಿಗೆ ಯಾವುದೂ ಸುಲಭವಾಗಿ ಅಂಟುವುದಿಲ್ಲ. ಮೇಲಾಗಿ ಗಾಡಿ ಅಲುಗಿದಾಗ ಅದೂ ಬಳುಕಿ, ಒಣಗಿದ ಹೆಕ್ಕಳೆಗಳನ್ನು ಉದುರಿಸುತ್ತದೆ. ಹೊದಿಕೆಯ ಹಿಂದೆ ಕೆಸರು ಸೇರದಂತೆ ಮೇಲಂಚನ್ನು ಮುಚ್ಚಿ, ನುಸುಳಿದ್ದು ಹೊರಬೀಳಲು ಕೆಳಗೆ ದಾರಿ ಬಿಡಿ. ಕಬ್ಬಿಣವನ್ನು ತಿನ್ನುವುದು ಕಣ್ಣಿಗೆ ಕಾಣುವ ಕೆಸರಲ್ಲ, ಸಂದಿಯಲ್ಲಿ ಕುಳಿತು ವಾರಗಟ್ಟಲೆ ತೇವ ಹಿಡಿದಿಡುವ ಕೆಸರು. ಒಣಗಿದಂತೆ ಜೇಡಿಯ ಕಣಗಳ ನಡುವೆ ಉಳಿದ ನೀರು ಅವುಗಳನ್ನು ಇನ್ನಷ್ಟು ಬಿಗಿಯಾಗಿ ಎಳೆದು ಕೂರಿಸುವುದರಿಂದ, ಸಂಜೆಯೇ ತೊಳೆಯಬೇಕು. ಬಾಗಿಲಿನ ಕೆಳಗಿನ ನೀರು ಹೋಗುವ ತೂತುಗಳಿಗೆ ಹಳೆಯ ಸೈಕಲ್ ಕಡ್ಡಿಯೊಂದು ಸಾಕು.