ಯಾರೂ ಓದದ ಕೈಪಿಡಿ ಬರೆಯೋದು ಯಾಕೆ?

ಓದುಗರ ಪ್ರಶ್ನೆ: ಕುಷ್ಟಗಿಯಲ್ಲಿ ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆ ಜೋಡಿಸಿ ಮಾರುತ್ತೇವೆ. ಜತೆಗೆ ಕನ್ನಡದಲ್ಲೇ ಕೈಪಿಡಿ ಕೊಡುತ್ತೇವೆ. ಯಾರೂ ಓದಲ್ಲ, ಎಲ್ಲದಕ್ಕೂ ಫೋನ್ ಮಾಡ್ತಾರೆ. ಸುಮ್ನೆ ಯಾಕೆ ಬರೀಬೇಕು?

ಉತ್ತರ: ಬರೆಯಲೇಬೇಕು. ಆದರೆ ಬೇರೆ ರೀತಿ.

"ಯಾರೂ ಓದಲ್ಲ" ಅನ್ನೋದು ಕೈಪಿಡಿ ಬರೆಯುವವರೇ ಜಾಸ್ತಿ ಹೇಳುವ ಮಾತು. ಅದು ಅರ್ಧ ನಿಜ. ಮೊದಲ ಪುಟದಿಂದ ಯಾರೂ ಓದಲ್ಲ, ಕೆಲಸ ನಿಂತಾಗ ಹುಡುಕುತ್ತಾರೆ. 1980ರ ದಶಕದಲ್ಲಿ ಐಬಿಎಂನಲ್ಲಿದ್ದ ಜಾನ್ ಕ್ಯಾರಲ್ ಮತ್ತು ಜತೆಯವರು, ಕಂಪ್ಯೂಟರಿನಲ್ಲಿ ಪತ್ರ ಟೈಪ್ ಮಾಡಲು ಕಲಿಯುವವರನ್ನು ಹತ್ತಿರದಿಂದ ಗಮನಿಸಿದರು. ಜನ ಪುಸ್ತಕ ಬದಿಗಿಟ್ಟು ಕೀಲಿ ಒತ್ತುತ್ತಿದ್ದರು. ತಪ್ಪಾದರೆ ಹೊರಬರುವ ದಾರಿ ಕಾಣದೆ ಒದ್ದಾಡುತ್ತಿದ್ದರು. ಹಾಗಾಗಿ ಪೀಠಿಕೆ ಕಿತ್ತು, ಮಾಡುವ ಕೆಲಸಕ್ಕೂ ತಪ್ಪು ಸರಿಪಡಿಸುವ ದಾರಿಗೂ ಜಾಗ ಕೊಟ್ಟ ತೆಳು ಕೈಪಿಡಿ ಮಾಡಿದರು. ಅದನ್ನು ಹಿಡಿದವರು ಬೇಗ ಕಲಿತರು.

ನಿಮ್ಮ ಗಿರಾಕಿಯನ್ನು ನೆನೆಸಿಕೊಳ್ಳಿ. ತ್ರೀ ಫೇಸ್ ಕರೆಂಟ್ ರಾತ್ರಿ ಬಂದಿದೆ. ದಾಳಿಂಬೆಗೆ ನೀರು ಬಿಡಬೇಕು. ಬಟನ್ ಒತ್ತಿದರೆ ಸ್ಟಾರ್ಟರ್ ಹಿಡಿದು, ತಕ್ಷಣ ಟ್ರಿಪ್ ಆಗಿ ಮೋಟಾರ್ ನಿಲ್ಲುತ್ತಿದೆ. ಮೊಬೈಲ್ ಟಾರ್ಚಿನಲ್ಲಿ ಕೈಪಿಡಿ ತೆರೆದರೆ ಸಿಗೋದು ಕಂಪನಿಯ ವಂದನೆ, ಬಿಡಿಭಾಗಗಳ ಪಟ್ಟಿ. ಫೋನ್ ಮಾಡದೆ ಇನ್ನೇನು ಮಾಡಿಯಾರು?

ಅವರಿಗೆ ಬೇಕಾದ್ದು ಇಷ್ಟು: "ಮತ್ತೆ ಮತ್ತೆ ಟ್ರಿಪ್ ಆಗ್ತಿದೆಯಾ? ರೀಸೆಟ್ ಒತ್ತುತ್ತಲೇ ಇರಬೇಡಿ, ಮೋಟಾರಿನ ವೈಂಡಿಂಗ್ (ಒಳಗಿನ ತಂತಿಸುರುಳಿ) ಸುಡುತ್ತದೆ. ಮೂರು ಫೇಸ್ ತೋರಿಸುವ ಕೆಂಪು, ಹಳದಿ, ನೀಲಿ ಮೂರೂ ದೀಪ ಉರಿಯುತ್ತಿವೆಯಾ ನೋಡಿ. ಒಂದು ಉರಿಯದಿದ್ದರೂ ಮೋಟಾರ್ ಹಾಕಬೇಡಿ, ಲೈನ್‌ಮನ್‌ಗೆ ತಿಳಿಸಿ. ಮೂರೂ ಇದ್ದು ವೋಲ್ಟೇಜ್ ಕಡಿಮೆ ಇದ್ದರೆ ಕಾಯಿರಿ. ಎಲ್ಲ ಸರಿ ಇದ್ದೂ ಟ್ರಿಪ್ ಆದರೆ ಮೆಕ್ಯಾನಿಕ್ ಕರೆಸಿ."

ಎಚ್ಚರಿಕೆ ಮೊದಲು ಬಂದಿದೆ, ಗಮನಿಸಿದಿರಾ? ಕೆಲಸದ ಹೆಜ್ಜೆ ಹೇಳಿದ ಮೇಲೆ "ಆದರೆ ಮೇನ್ ಆಫ್ ಇರಲಿ" ಅಂದರೆ, ಅದನ್ನು ಓದುವಷ್ಟರಲ್ಲಿ ಕೈ ತಂತಿಗೆ ಹೋಗಿರುತ್ತದೆ. ಇದರಲ್ಲಿ ರಾಜಿ ಬೇಡವೇ ಬೇಡ.

"ವಸ್ತು ಚೆನ್ನಾಗಿದ್ದರೆ ಕೈಪಿಡಿಯೇ ಬೇಡ" ಅನ್ನುವವರೂ ಇದ್ದಾರೆ. ಬಟನ್ ಎಲ್ಲಿದೆ ಅಂತ ಪೆಟ್ಟಿಗೆಯೇ ತೋರಿಸೀತು. ಫೇಸ್ ಹೋದಾಗ ಏನು ಮಾಡಬೇಕು ಅಂತ ಹೇಳಲ್ಲ. ಇನ್ನು ವಾಟ್ಸಾಪ್ ವಿಡಿಯೋ: ವೈರ್ ಜೋಡಿಸೋದು ತೋರಿಸಲು ಒಳ್ಳೆಯದು, ಕತ್ತಲಲ್ಲಿ ಒಂದು ಸಾಲು ಹುಡುಕಲು ಕಷ್ಟ.

ಎಲ್ಲಿಂದ ಶುರು ಮಾಡಬೇಕು? ನಿಮಗೆ ಬರುವ ಫೋನ್‌ಗಳಿಂದಲೇ. ಕೇಳಿದ್ದನ್ನು ಅವರ ಮಾತಿನಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪದೇ ಪದೇ ಬರುವ ಪ್ರಶ್ನೆಗಳಿಗೆ ಒಂದೇ ಹಾಳೆಯಲ್ಲಿ ಉತ್ತರ ಕೊಡಿ. ಬಿಸಿಲಿಗೆ ಮಾಸದ ಸ್ಟಿಕ್ಕರ್ ಮಾಡಿಸಿ, ಪೆಟ್ಟಿಗೆಯ ಹೊರಗೆ ಬಟನ್ ಪಕ್ಕ ಅಂಟಿಸಿ. ಓದಲು ಬಾಗಿಲು ತೆರೆಯುವಂತಾಗಬಾರದು. ವೈರಿಂಗ್ ನಕ್ಷೆ, ರಿಲೇ ಸೆಟ್ಟಿಂಗ್ ಇರುವ ದಪ್ಪ ಪುಸ್ತಕ ಮೆಕ್ಯಾನಿಕ್‌ಗೆ ಇರಲಿ.